ಗಡಿಗೆಯಲ್ಲಿ ಕರಗಿದ ಚೀಸು

ರಾಣೆಬೆನ್ನೂರಿನ ಆ ಮನೆಯಲ್ಲಿ ಹತ್ತು ದಿನದಿಂದ ಯಾರೂ ಜೋರಾಗಿ ಮಾತಾಡಿರಲಿಲ್ಲ. ದ್ವಿತೀಯ ಪಿಯುಸಿ ಫಲಿತಾಂಶ ಬಂದಿತ್ತು. ಮನೆಯ ಮಗಳು ಐದು ವಿಷಯಗಳಲ್ಲಿ ಚೆನ್ನಾಗಿಯೇ ಪಾಸಾಗಿ, ರಸಾಯನಶಾಸ್ತ್ರ ಒಂದರಲ್ಲಿ ಮಾತ್ರ ಕೆಲವೇ ಅಂಕಗಳಿಂದ ಕೆಳಗುಳಿದಿದ್ದಳು. 2024ರಲ್ಲಿ ‘ಸಪ್ಲಿಮೆಂಟರಿ’ ಎಂಬ ಹೆಸರು ಹೋಗಿ ಪರೀಕ್ಷೆ ಒಂದು, ಎರಡು, ಮೂರು ಎಂದಾಯಿತು. ಹೆಸರು ಬದಲಾಯಿತೆಂದು ಮನೆಯೊಳಗಿನ ಗಾಳಿ ಬದಲಾಗುವುದಿಲ್ಲವಲ್ಲ!

ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಸಂಜೆ ಅಂಗಿಯ ತುಂಬ ಮೆಣಸಿನಕಾಯಿಯ ಘಾಟು ಹೊತ್ತು ಬರುವವರು. ಸೋಮವಾರ, ಗುರುವಾರ ಪೇಟೆಯ ದಿನ. ಆ ದಿನಗಳಲ್ಲಿ ಬರುವ ಹೊತ್ತಿಗೆ ಕಣ್ಣೂ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಫಲಿತಾಂಶ ನೋಡಿ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಗಳಿಗೆ ಅನಿಸಿದ್ದೇ ಆಗ. ಅವರು ಮಾತನ್ನೇ ಬಿಟ್ಟರು. ಮೂರು ಮಾರು ದೂರದಲ್ಲಿ ಕೂತ ಮಗಳ ಬಗ್ಗೆ ಹೆಂಡತಿಗೆ, “ಆಕಿಗೆ ಊಟಕ್ಕ ಕರಿ” ಎನ್ನುವರು. ಅವ್ವ, “ಬಾರವ್ವ ಊಟಕ್ಕ” ಎನ್ನುವಳು. ಒಂದೇ ಅಡಿಗೆಮನೆಯಲ್ಲಿ ಟಪಾಲು ಹೀಗೆ ಎರಡು ಕೈ ದಾಟಿ ಬರುತ್ತಿತ್ತು. ಮೊಬೈಲು ತಿಜೋರಿ ಸೇರಿತ್ತು. ಬೀಗದ ಕೈ ಅಪ್ಪನ ಉಡದಾರಕ್ಕೆ.

ಪಿಯುಸಿಯ ಎರಡು ವರ್ಷ ಹುಡುಗಿ ಹಾವೇರಿಯಲ್ಲಿ ಚಿಗವ್ವನ ಮನೆಯಲ್ಲಿದ್ದಳು. ಅಲ್ಲಿಂದ ಪುಸ್ತಕದ ಪೆಟ್ಟಿಗೆ ತರುವಾಗ ಚಿಗವ್ವನ ಮಗನ ಹಳೆಯ ಪುಸ್ತಕಗಳೂ ಸೇರಿ ಬಂದಿದ್ದವು. ಅವನು ಕೆಲವು ವರ್ಷ ಹಿಂದೆ ಓದಿದ ರಸಾಯನಶಾಸ್ತ್ರದ ಪಠ್ಯ, ಒಂದೆರಡು ನೋಟು, ಮತ್ತು ಹರಿದ ರಟ್ಟಿನ ಒಂದು ಚಿತ್ರಪುಸ್ತಕ: ‘ಆಸ್ಟೆರಿಕ್ಸ್ ಇನ್ ಸ್ವಿಟ್ಜರ್ಲೆಂಡ್’. 1970ರಲ್ಲಿ ಫ್ರೆಂಚಿನಲ್ಲಿ ಬಂದು ಆಮೇಲೆ ಜಗತ್ತಿನ ಹತ್ತಾರು ಭಾಷೆಗಳಿಗೆ ಹೋದ ಪುಸ್ತಕ. ಮೊಬೈಲಿಲ್ಲದ ಮಧ್ಯಾಹ್ನಗಳಲ್ಲಿ ಅದನ್ನೇ ನಾಲ್ಕು ಸಲ ಓದಿದಳು. ಅದರಲ್ಲಿ ರೋಮನ್ ಅಧಿಕಾರಿಗಳು ದೊಡ್ಡ ಪಾತ್ರೆಯ ಸುತ್ತ ಕೂತು ಕರಗಿದ ಚೀಸಿನಲ್ಲಿ ಬ್ರೆಡ್ಡಿನ ತುಂಡು ಅದ್ದಿ ತಿನ್ನುತ್ತಾರೆ. ತುಂಡು ಪಾತ್ರೆಯೊಳಗೆ ಬಿದ್ದರೆ ಶಿಕ್ಷೆ. ಮೊದಲು ಕೋಲಿನ ಏಟು, ಆಮೇಲೆ ಚಾಟಿ, ಕೊನೆಗೆ ಕೆರೆಯಲ್ಲಿ ಮುಳುಗಿಸುವುದು! ಹುಡುಗಿಗೆ ನಗು ಬಂತು. ಹತ್ತು ದಿನದಲ್ಲಿ ಅದೇ ಮೊದಲು. ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತಿ, “ಏನಬೇ ಅದು, ನನಗೂ ಹೇಳು” ಎಂದಳು.

ಫಾಂಡ್ಯೂ ಎಂಬುದು ಮೂಲದಲ್ಲಿ ಶ್ರೀಮಂತರ ತಿನಿಸಲ್ಲ ಎಂಬ ಕತೆಯೊಂದು ಚಾಲ್ತಿಯಲ್ಲಿದೆ. ಸ್ವಿಟ್ಜರ್ಲೆಂಡಿನ ಗುಡ್ಡಗಾಡಿನಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಹಿಮ. ಮನೆಯಲ್ಲಿ ಉಳಿದಿರುವುದು ಗಟ್ಟಿಯಾದ ಚೀಸು, ಕಲ್ಲಿನಂತಾದ ಬ್ರೆಡ್ಡು. ಚೀಸನ್ನು ದ್ರಾಕ್ಷಾರಸದಲ್ಲಿ ಕರಗಿಸಿ, ಬ್ರೆಡ್ಡನ್ನು ಅದ್ದಿದರೆ ಎರಡೂ ಮೆತ್ತಗಾಗುತ್ತವೆ. ಹೆಸರು ಬಂದಿರುವುದೂ ಫ್ರೆಂಚಿನ ‘ಕರಗು’ ಎಂಬ ಪದದಿಂದಲೇ. ಚೀಸನ್ನು ದ್ರಾಕ್ಷಾರಸದಲ್ಲಿ ಬೇಯಿಸುವ ಕ್ರಮ 1699ರ ಜೂರಿಕ್‌ನ ಒಂದು ಅಡಿಗೆ ಬರಹದಲ್ಲೇ ಇದೆ. ಆದರೆ ಅದು ಇಡೀ ದೇಶದ ತಿನಿಸು ಎನಿಸಿಕೊಂಡದ್ದು 1930ರ ದಶಕದಲ್ಲಿ. ಅಲ್ಲಿನ ಚೀಸ್ ಒಕ್ಕೂಟಕ್ಕೆ ಹೆಚ್ಚಾದ ಚೀಸು ಖರ್ಚಾಗಬೇಕಿತ್ತು; ಫಾಂಡ್ಯೂ ನಮ್ಮ ರಾಷ್ಟ್ರೀಯ ತಿನಿಸು ಎಂದು ಊರೂರಿಗೆ ಸಾರಿತು. ಆ ಒಕ್ಕೂಟ 1999ರಲ್ಲಿ ಮುಚ್ಚಿತು, ಫಾಂಡ್ಯೂ ಉಳಿಯಿತು. ಧಾರವಾಡದಿಂದ ಬೇರ್ಪಟ್ಟು ತನ್ನದೇ ಹಾಲು ಒಕ್ಕೂಟ ಮಾಡಿಕೊಂಡ ಹಾವೇರಿ ಜಿಲ್ಲೆಯವರಿಗೆ, ಹಾಲು ಹೆಚ್ಚಾದಾಗಿನ ಒಕ್ಕೂಟದ ತಾಪತ್ರಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜಿಗೆ ಇದೆಲ್ಲ ಬೇಡವಾಗಿತ್ತು. ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಎಲ್ಲಾರೂ ಒಂದ ಗಡಿಗ್ಯಾಗ ಅದ್ದಿ ಅದ್ದಿ ತಿಂದ್ರ ಎಂಜಲಾಗೂದಿಲ್ಲೇನು?”

ಒಳ್ಳೆಯ ಪ್ರಶ್ನೆಯೇ. ನಮ್ಮಲ್ಲಿ ರೊಟ್ಟಿ ಪಲ್ಯ ಊಟ ಮಾಡುವಾಗ ಝುಣಕ ಒಂದೇ ಬೋಗುಣಿಯಲ್ಲಿದ್ದರೂ ಬಡಿಸುವುದು ಚಮಚೆಯಿಂದ. ತಿಂದ ಕೈ ಮತ್ತೆ ಅದಕ್ಕೆ ಹೋಗುವುದಿಲ್ಲ. ಸ್ವಿಟ್ಜರ್ಲೆಂಡಿನವರೂ ಇದಕ್ಕೊಂದು ರಿವಾಜು ಮಾಡಿಕೊಂಡಿದ್ದಾರೆ. ಉದ್ದನೆಯ ಕಡ್ಡಿಯಿಂದ ತುಂಡನ್ನು ಅದ್ದಿ ಎತ್ತಿ, ತುಟಿ ನಾಲಿಗೆ ಕಡ್ಡಿಗೆ ತಾಗದಂತೆ ಹಲ್ಲಿನಿಂದ ತುಂಡನ್ನಷ್ಟೇ ಎಳೆದುಕೊಳ್ಳಬೇಕು. ಮೊಮ್ಮಗಳು ಚಿತ್ರ ತೋರಿಸಿ, ತನಗೆ ಗೊತ್ತಿದ್ದಷ್ಟು ಹೇಳಿದಳು. ಅಜ್ಜಿ ವಿಚಾರ ಮಾಡಿ, “ಹಂಗಾರ ಚಂಬು ಎತ್ತಿ ನೀರು ಕುಡದಂಗ ಅನ್ನು. ನಡೀತೈತಿ” ಎಂದು ಅಪ್ಪಣೆ ಕೊಟ್ಟಳು. ಸೀಗೆ ಹುಣ್ಣಿಮೆಯಂದು ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲಿ, ಎಲ್ಲರೂ ಸುತ್ತ ಕೂತು ಉಣ್ಣುವುದು ಆಕೆಗೆ ನೆನಪಾಗಿರಬೇಕು. ಹೊಲ ಮಾರಿದ ಮೇಲೆ ಆ ಮನೆಯಲ್ಲಿ ಅದೂ ನಿಂತಿತ್ತು. “ಮಾಡಬೇ, ಮಾಡಿ ನೋಡೂಣು. ಸುಮ್ಮನ ಕುಂತು ಕುಂತು ಮೋತಿ ಸಣ್ಣ ಮಾಡಿ” ಎಂದಳು.

ಮೊದಲ ಪ್ರಯತ್ನ ಆ ಸಂಜೆಯೇ ಆಯಿತು. ತಮ್ಮ ಸೈಕಲ್ ತುಳಿದು ಹೋಗಿ ತಂದದ್ದು ಪನೀರು. ಅವನ ಲೆಕ್ಕದಲ್ಲಿ ಪನೀರೂ ಚೀಸೂ ಅಣ್ಣ ತಮ್ಮ. ಅದನ್ನು ತುರಿದು ಹಾಲಿನಲ್ಲಿ ಹಾಕಿ ಕುದಿಸಿದರೆ, ಕರಗುವ ಮಾತು ಹಾಗಿರಲಿ, ಇನ್ನಷ್ಟು ಗಟ್ಟಿಯಾಗಿ ಹಾಲಿನಲ್ಲಿ ಮರಳಿನಂತೆ ಕೂತಿತು.

ಪನೀರು ಕರಗದಿರುವುದಕ್ಕೆ ಕಾರಣವಿದೆ. ಹಾಲಿನ ಮುಖ್ಯ ಪ್ರೋಟೀನಾದ ಕೇಸೀನು ಸಣ್ಣ ಸಣ್ಣ ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಆ ಉಂಡೆಗಳನ್ನು ಕಟ್ಟಿಹಿಡಿದಿರುವುದು ಕ್ಯಾಲ್ಸಿಯಂ. ಹೆಪ್ಪುರಸ ಹಾಕಿ ಮಾಡುವ ಚೀಸಿನಲ್ಲಿ ಈ ಕ್ಯಾಲ್ಸಿಯಂ ಕಟ್ಟು ಬಹುಪಾಲು ಉಳಿದಿರುತ್ತದೆ. ಬಿಸಿ ತಾಗಿದಾಗ ಪ್ರೋಟೀನಿನ ಹಿಡಿತ ಸಡಿಲವಾಗಿ ಚೀಸು ಹರಿಯುತ್ತದೆ. ಪನೀರಿಗಾದರೋ ಕುದಿಯುವ ಹಾಲಿಗೆ ಹುಳಿ ಹಿಂಡುತ್ತೇವೆ. ಹುಳಿ ಕ್ಯಾಲ್ಸಿಯಮ್ಮಿನ ಹೆಚ್ಚು ಪಾಲನ್ನು ಬಿಡಿಸಿ ನೀರಿನೊಡನೆ ಹೊರಗೆ ಕಳಿಸುತ್ತದೆ. ಉಳಿದ ಪ್ರೋಟೀನು ಒಂದನ್ನೊಂದು ನೇರವಾಗಿ ಅಪ್ಪಿಕೊಂಡುಬಿಡುತ್ತದೆ. ಕಾಯಿಸಿದಷ್ಟೂ ನೀರು ಬಿಟ್ಟು ಬಿಗಿಯುತ್ತದೆಯೇ ಹೊರತು ಹರಿಯುವುದಿಲ್ಲ. ಗಿಣ್ಣದ ಕತೆ ಇನ್ನೂ ಬೇರೆ. ಈದ ಎಮ್ಮೆಯ ಮೊದಲ ಹಾಲಿನಲ್ಲಿ ಬಿಸಿಗೆ ತಾನಾಗಿ ಗಟ್ಟಿಯಾಗುವ ಪ್ರೋಟೀನು ಹೇರಳ. ಅದಕ್ಕೆ ಹುಳಿಯೂ ಬೇಡ, ಹೆಪ್ಪೂ ಬೇಡ, ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಸಾಕು.

ಹಾಲೊಡೆಯುವುದು ನಮ್ಮ ನಾಡಿಗೆ ಹೊಸ ವಿದ್ಯೆಯೇನಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ 1130ರ ಸುಮಾರಿನದು. ಕಾದ ಹಾಲಿಗೆ ಹುಳಿ ಬೆರೆಸಿ ಒಡೆದು, ಬಟ್ಟೆಯಲ್ಲಿ ಸೋಸಿ, ಗಟ್ಟಿಗೆ ಅಕ್ಕಿಹಿಟ್ಟು ಕಲಸಿ ಕರಿಯುವ ಸಿಹಿಯನ್ನು ಅದರಲ್ಲಿ ಹೇಳಿದೆ. ಹಾಲಿನ ಗಟ್ಟಿಗೆ ಹಿಟ್ಟು ಸೇರಿಸಿದರೆ ಹದ ನಿಲ್ಲುತ್ತದೆ ಎಂಬ ತಿಳಿವು ಅರಮನೆಯ ಅಡಿಗೆಯವರಿಗೆ ಆಗಲೇ ಇತ್ತು. ಈ ಹಿಟ್ಟಿನ ಮಾತು ಮುಂದೆ ಬರುತ್ತದೆ.

ಆ ರಾತ್ರಿ ಪನೀರಿನ ಮರಳು ಉಳ್ಳಾಗಡ್ಡಿ ಸೇರಿ ಪಲ್ಯವಾಯಿತು. ಅಪ್ಪ ಮಾತಿಲ್ಲದೆ ಎರಡು ಸಲ ಹಾಕಿಸಿಕೊಂಡರು. ಏನು ಪಲ್ಯವೆಂದು ಕೇಳಲಿಲ್ಲ.

ಎರಡು ದಿನ ಬಿಟ್ಟು ಹಾವೇರಿಯಿಂದ ಚಿಗವ್ವ ಬಂದಳು. ಅವ್ವ ಫೋನಿನಲ್ಲಿ ಹೇಳಿದ್ದಳಾದ್ದರಿಂದ ಕೈಚೀಲದಲ್ಲಿ ಎರಡು ಬಗೆಯ ಚೀಸಿತ್ತು: ಒಂದು ಪಿಜ್ಜಾದ ಮೇಲೆ ಹಾಕುವ ಮೊಜರೆಲ್ಲಾ, ಇನ್ನೊಂದು ಎಲ್ಲ ಅಂಗಡಿಯಲ್ಲೂ ಸಿಗುವ ಸಂಸ್ಕರಿಸಿದ ಚೀಸಿನ ಗಟ್ಟಿ. ಅಜ್ಜಿಯ ಎರಡನೇ ಪ್ರಶ್ನೆ ಆಗ ಬಂತು: “ಇದಕ್ಕ ಹೆಪ್ಪು ಏನು ಹಾಕ್ತಾರ?” ಇದೂ ಸುಮ್ಮನೆ ಕೇಳಿದ್ದಲ್ಲ. ಹಳೆಯ ಕ್ರಮದಲ್ಲಿ ಚೀಸಿಗೆ ಹೆಪ್ಪಾಗುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರಸ. ಫಾಂಡ್ಯೂಗೆ ಹೆಸರಾದ ಸ್ವಿಟ್ಜರ್ಲೆಂಡಿನ ಗ್ರುಯೇರ್ ಚೀಸು ಇಂದಿಗೂ ಹಾಗೆಯೇ ಆಗುತ್ತದೆ. ನಮ್ಮ ದೇಶದ ಪ್ಯಾಕೆಟ್ಟುಗಳಲ್ಲಿ ಸಾಮಾನ್ಯವಾಗಿ ಸೂಕ್ಷ್ಮಾಣುಗಳಿಂದ ಪಡೆದ ಹೆಪ್ಪನ್ನು ಬಳಸುತ್ತಾರೆ. ಅದಕ್ಕೇ ಮೇಲೆ ಹಸಿರು ಚುಕ್ಕೆ. ಮೊಮ್ಮಗಳು ಚುಕ್ಕೆ ತೋರಿಸಿದಳು. ಅಜ್ಜಿ ಕನ್ನಡಕ ಏರಿಸಿ ನೋಡಿ, ಎರಡನೆಯ ಅಪ್ಪಣೆಯನ್ನೂ ಕೊಟ್ಟಳು.

ದ್ರಾಕ್ಷಾರಸದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಎರಡನೇ ಪ್ರಯತ್ನದಲ್ಲಿ ಅವಸರವಾಯಿತು. ಮೊಜರೆಲ್ಲಾ ತುರಿದು ಹಾಲಿಗೆ ಹಾಕಿ ಒಲೆಯ ಉರಿ ಏರಿಸಿದಳು. ನೋಡುತ್ತ ನೋಡುತ್ತ ಚೀಸೆಲ್ಲ ರಬ್ಬರಿನ ಚೆಂಡಾಗಿ ಚಮಚೆಗೆ ಸುತ್ತಿಕೊಂಡಿತು. ಸುತ್ತ ಹಳದಿ ಎಣ್ಣೆ, ಅದರ ಕೆಳಗೆ ತೆಳ್ಳನೆಯ ನೀರು. ಮೂರೂ ಬೇರೆ ಬೇರೆ. ಹುಡುಗಿಯ ಕಣ್ಣಲ್ಲಿ ನೀರು ಬಂತು. ಅದು ಚೀಸಿನ ಸಲುವಾಗಿ ಬಂದದ್ದಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. “ನಾನು ಏನ ಮಾಡಿದ್ರೂ ಹಿಂಗ ಆಗೂದು” ಎಂದು ಒಲೆ ಆರಿಸಿ ಹೊರಟಳು.

ಅಜ್ಜಿ ಪಾತ್ರೆಯೊಳಗೆ ಇಣುಕಿ ನೋಡಿದಳು. “ಒಡದೈತಿ, ಅಷ್ಟ. ಮಜ್ಜಿಗಿ ಸಾರು ಒಡಿಯೂದಿಲ್ಲೇನು? ಹಂಗ” ಎಂದಳು. “ಮಜ್ಜಿಗಿ ಕಾಸೂ ಮುಂದ ಕಡ್ಲಿಹಿಟ್ಟು ಯಾಕ ಕದಡ್ತೀವಿ?”

ಹುಡುಗಿ ನಿಂತಳು. ಕಡಲೆಹಿಟ್ಟು ಹಾಕುವುದು ಗಟ್ಟಿಯಾಗಲಿ ಎಂದು, ರುಚಿಗೆ ಎಂದು ಆಕೆ ಅಂದುಕೊಂಡಿದ್ದಳು. ಹಿಟ್ಟಿಲ್ಲದೆ ಮಜ್ಜಿಗೆ ಕುದಿಸಿದರೆ ಮೇಲೆ ನೀರು, ಕೆಳಗೆ ಕರಣೆ. ಹಿಟ್ಟು ಕದಡಿ ಕೈ ಬಿಡದೆ ತಿರುವಿದರೆ ಒಂದೇ ಹದ. ಹಿಟ್ಟಿನೊಳಗಿನ ಗಂಜಿ ಬಿಸಿಗೆ ಉಬ್ಬಿ ಪ್ರೋಟೀನಿನ ಕಣಗಳ ನಡುವೆ ಸೇರಿಕೊಂಡು, ಅವು ಒಂದಕ್ಕೊಂದು ಅಂಟಿ ಗಂಟಾಗದಂತೆ ತಡೆಯುತ್ತದೆ. ಸ್ವಿಟ್ಜರ್ಲೆಂಡಿನವರು ಫಾಂಡ್ಯೂಗೆ ಮೆಕ್ಕೆಜೋಳದ ಹಿಟ್ಟು ಹಾಕುವುದೂ ಇದಕ್ಕೇ. ಅಲ್ಲಿನ ಅಜ್ಜಿಗೂ ಇಲ್ಲಿನ ಅಜ್ಜಿಗೂ ಪರಿಚಯವಿಲ್ಲ. ಹಿಟ್ಟಿನ ಗುಟ್ಟು ಮಾತ್ರ ಒಂದೇ.

“ಹುಳಿ ಏನ ಹಾಕಿದಿ?” ಅಜ್ಜಿಯ ಮುಂದಿನ ಪ್ರಶ್ನೆ. ಹುಳಿ ಹಾಕಿರಲಿಲ್ಲ. ಹುಳಿಯಿಂದಲೇ ಹಾಲು ಒಡೆಯುವಾಗ ಇದಕ್ಕೂ ಹುಳಿಯೇ? ಚಿಗವ್ವನಿಗೂ ಅನುಮಾನ. ಆದರೆ ದ್ರಾಕ್ಷಾರಸ ಹಾಕುತ್ತಾರೆಂದರೆ ಅದರಲ್ಲಿ ಹುಳಿಯಿರಲೇಬೇಕಲ್ಲ. ಹುಡುಗಿ ಒಳಗೆ ಹೋಗಿ ರಸಾಯನಶಾಸ್ತ್ರದ ಎರಡೂ ಪುಸ್ತಕ ತಂದು ಅಡಿಗೆಕಟ್ಟೆಯ ಮೇಲೆ ಹರಡಿದಳು. ಫಲಿತಾಂಶ ಬಂದ ಮೇಲೆ ಅವಳು ಆ ಪುಸ್ತಕವನ್ನು ತಾನಾಗಿ ತೆರೆದದ್ದು ಆಗಲೇ ಎಂದು ಅವ್ವ ಗಮನಿಸಿದಳು. ಏನೂ ಅನ್ನಲಿಲ್ಲ. ತಾಯಂದಿರಿಗೆ ಎಲ್ಲಿ ಸುಮ್ಮನಿರಬೇಕೆಂದು ಗೊತ್ತಿರುತ್ತದೆ.

ಚಿಗವ್ವನ ಮಗನ ಹಳೆಯ ಪುಸ್ತಕದಲ್ಲಿ ‘ಮೇಲ್ಮೈ ರಸಾಯನ’ ಎಂಬ ಅಧ್ಯಾಯವಿತ್ತು. ಎಣ್ಣೆಯ ಸಣ್ಣ ಹನಿಗಳು ನೀರಿನಲ್ಲಿ ಹರಡಿ ನಿಂತರೆ ಅದು ಎಮಲ್ಷನ್. ಹಾಲು ಅದಕ್ಕೆ ಉದಾಹರಣೆ. ನೀರಿನ ಹನಿಗಳು ಕೊಬ್ಬಿನಲ್ಲಿ ನಿಂತರೆ ಇನ್ನೊಂದು ಬಗೆ. ಬೆಣ್ಣೆ ಅದಕ್ಕೆ ಉದಾಹರಣೆ. ಎಣ್ಣೆ ನೀರು ಕೂಡಿ ಬಾಳಬೇಕಾದರೆ ನಡುವೆ ಇಬ್ಬರಿಗೂ ಬೇಕಾದ ಮೂರನೆಯವರೊಬ್ಬರು ಬೇಕು. ಚೀಸಿನಲ್ಲಿ ಆ ಕೆಲಸ ಕೇಸೀನಿನದು. ಆದರೆ ಕ್ಯಾಲ್ಸಿಯಂ ಅದನ್ನು ಬಿಗಿಯಾಗಿ ಕಟ್ಟಿಹಾಕಿದ್ದರೆ ಅದು ನಡುವೆ ಬಂದು ನಿಲ್ಲುವುದು ಹೇಗೆ? ಹುಳಿಯ ಉಪಯೋಗ ಇಲ್ಲಿದೆ. ನಿಂಬೆಯ ಸಿಟ್ರಿಕ್ ಆಮ್ಲದಿಂದ ಬರುವ ಸಿಟ್ರೇಟು ಕ್ಯಾಲ್ಸಿಯಮ್ಮನ್ನು ಏಡಿ ಕೊಂಡಿಯಲ್ಲಿ ಹಿಡಿದಂತೆ ಹಿಡಿದುಕೊಳ್ಳುತ್ತದೆ. ಕಟ್ಟು ಬಿಚ್ಚಿದ ಕೇಸೀನು ಕೊಬ್ಬು ನೀರುಗಳ ನಡುವೆ ನಿಂತು ಎರಡನ್ನೂ ಕೂಡಿಸುತ್ತದೆ. ಹುಳಿ ಅತಿಯಾದರೆ ಒಡಕು, ಹದವಾದರೆ ಕೂಡಿಕೆ.

1911ರಲ್ಲಿ ಸ್ವಿಟ್ಜರ್ಲೆಂಡಿನ ಥುನ್ ಎಂಬ ಊರಿನಲ್ಲಿ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಇದೇ ಸಿಟ್ರೇಟು ಲವಣ ಹಾಕಿ ಚೀಸು ಕರಗಿಸಿ, ಮತ್ತೆ ಗಟ್ಟಿ ಮಾಡಿ, ಬಹುಕಾಲ ಕೆಡದ ಸಂಸ್ಕರಿತ ಚೀಸನ್ನು ಮಾಡಿದರು. ಇಂದು ನಮ್ಮ ಕಿರಾಣಿ ಅಂಗಡಿಯಲ್ಲಿ ಸಿಗುವ ಚೀಸಿನ ಗಟ್ಟಿ ಅದರ ಮೊಮ್ಮಗು. ಅದರೊಳಗೇ ಇಂಥ ಲವಣವಿರುವುದರಿಂದ ಅದು ಸುಲಭಕ್ಕೆ ಒಡೆಯದು. ಚಿಗವ್ವ ತಂದ ಎರಡನೇ ಪ್ಯಾಕೆಟ್ಟಿನ ಬೆನ್ನ ಮೇಲೆ ಹುಡುಗಿ ಸಣ್ಣ ಅಕ್ಷರ ಹುಡುಕಿ ಓದಿದಳು. ಲವಣ ಅಲ್ಲಿತ್ತು.

“ದ್ರಾಕ್ಷಿ ಹುಳಿ ಇರೂದು ಟಾರ್ಟಾರಿಕ್ ಆಮ್ಲದಿಂದ ಅಜ್ಜಿ. ಅದು ಹುಣಸೀ ಹಣ್ಣಿನ್ಯಾಗೂ ಐತಿ” ಎಂದಳು. ಅಜ್ಜಿ ತಕ್ಷಣ ಹುಣಸೆಯ ಡಬ್ಬಿಗೆ ಕೈ ಹಾಕಿದಳು. ಬಣ್ಣ ಕೆಡುತ್ತದೆಂದು ಎಲ್ಲರೂ ಸೇರಿ ಆಕೆಯನ್ನು ನಿಂಬೆಹಣ್ಣಿಗೆ ಒಪ್ಪಿಸಬೇಕಾಯಿತು.

ಮೂರನೇ ಸಲ ಎಲ್ಲವೂ ನಿಧಾನ. ಸಂಸ್ಕರಿತ ಚೀಸು 400 ಗ್ರಾಂ ತುರಿದದ್ದು. ಉಳಿದಿದ್ದ ಮೊಜರೆಲ್ಲಾ ಒಂದು ಹಿಡಿ. ಮೆಕ್ಕೆಜೋಳದ ಹಿಟ್ಟು ಮನೆಯಲ್ಲಿರಲಿಲ್ಲ; ಒಂದೂವರೆ ಚಮಚೆ ಕಡಲೆಹಿಟ್ಟನ್ನು ಹಸಿ ವಾಸನೆ ಹೋಗುವಂತೆ ತುಪ್ಪದಲ್ಲಿ ಹುರಿದು ಚೀಸಿಗೆ ಕಲಸಿದರು. ದಪ್ಪ ತಳದ ಪಾತೇಲಿಯ ಒಳಮೈಗೆ ಜಜ್ಜಿದ ಬಳ್ಳೊಳ್ಳಿ ತಿಕ್ಕಿದರು. ಒಂದು ದೊಡ್ಡ ಲೋಟ ಹಾಲು ಬೆಚ್ಚಗಾದ ಮೇಲೆ, ಸಣ್ಣ ಉರಿಯಲ್ಲಿ, ಚೀಸನ್ನು ಹಿಡಿ ಹಿಡಿಯಾಗಿ ಬಿಟ್ಟು, ಮೊದಲ ಹಿಡಿ ಕರಗಿದ ಮೇಲೆಯೇ ಮುಂದಿನ ಹಿಡಿ. ಕುದಿ ಬರಕೂಡದು. ಚಮಚೆಯನ್ನು ಸುತ್ತಲೂ ಆಡಿಸುವ ಬದಲು ಎಂಟರ ಆಕಾರದಲ್ಲಿ ಆಡಿಸಿದರೆ ದಾರ ಸುತ್ತಿಕೊಳ್ಳುವುದಿಲ್ಲ. ನಡುವೆ ಒಮ್ಮೆ ಅಂಚಿನಲ್ಲಿ ಎಣ್ಣೆ ಬಿಡುವಂತೆ ಕಂಡಿತು. ಹುಡುಗಿ ಉಸಿರು ಬಿಗಿಹಿಡಿದು ಒಂದು ಚಮಚೆ ನಿಂಬೆರಸ ಹಾಕಿ ಜೋರಾಗಿ ತಿರುವಿದಳು. ಎಣ್ಣೆ ಒಳಗೆ ಹೋಯಿತು. ಪಾತ್ರೆಯಲ್ಲಿದ್ದದ್ದು ಕೆನೆಯಂತೆ ನುಣ್ಣಗೆ, ಚಮಚೆಯಿಂದ ರಿಬ್ಬನ್ನಿನಂತೆ ಇಳಿಯತೊಡಗಿತು. ವಾಸನೆಯಲ್ಲಿ ಸ್ವಲ್ಪ ಝುಣಕವಿತ್ತು. ಇರಲಿ, ರಾಣೆಬೆನ್ನೂರಿನ ಫಾಂಡ್ಯೂಗೆ ಅಷ್ಟು ಹಕ್ಕಿಲ್ಲವೇ?

ಸ್ವಿಟ್ಜರ್ಲೆಂಡಿನಲ್ಲಿ ಇದಕ್ಕೆಂದೇ ದಪ್ಪ ಮಣ್ಣಿನ ಪಾತ್ರೆಯಿದೆ. ಇಲ್ಲಿ ಅಜ್ಜಿ ತನ್ನ ಮೊಸರಿನ ಗಡಿಗೆಗಳಲ್ಲಿ ಅಗಲ ಬಾಯಿಯ ಒಂದನ್ನು ಕೊಟ್ಟಳು. ತಣ್ಣನೆಯ ಮಣ್ಣಿಗೆ ಬಿಸಿ ಸುರಿದರೆ ಸೀಳುತ್ತದೆಂದು ಮೊದಲು ಬಿಸಿನೀರು ತುಂಬಿಟ್ಟಿದ್ದಳು. ಪಡಸಾಲೆಯಲ್ಲಿ ಮೂರು ಇಟ್ಟಂಗಿ, ನಡುವೆ ಉರಿಯುವ ಹಣತೆ, ಮೇಲೆ ಗಡಿಗೆ. ಏಪ್ರಿಲ್ ತಿಂಗಳ ಸೆಖೆ. ಹಣತೆ ಆರುತ್ತದೆಂದು ಫ್ಯಾನೂ ಬಂದ್. ಹಿಮದ ನಾಡಿನ ತಿನಿಸನ್ನು ಬೆವರು ಒರೆಸಿಕೊಳ್ಳುತ್ತ ತಿನ್ನಬೇಕು! ಮನೆಯಲ್ಲಿದ್ದ ಫೋರ್ಕು ಎರಡೇ. ಉಳಿದವರಿಗೆ ಬಿದಿರ ಕಡ್ಡಿ. ತಟ್ಟೆಯಲ್ಲಿ ಬೇಕರಿಯ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಮುರಿದ ಖಡಕ್ ರೊಟ್ಟಿ.

ಅಷ್ಟರಲ್ಲಿ ಬ್ಯಾಡಗಿಯಿಂದ ಅಪ್ಪ ಬಂದರು. ಗುರುವಾರ ಬೇರೆ. ಕಾಲು ತೊಳೆದು ಒಳಗೆ ಬಂದವರು, ಇಟ್ಟಂಗಿಯ ಒಲೆಯ ಸುತ್ತ ಇಡೀ ಮನೆ ಕೂತಿರುವುದನ್ನು ನೋಡಿ ನಿಂತರು. “ಏನ ನಡಸೀರಿ ಇದು?” ಯಾರನ್ನು ಕೇಳಿದರೋ ತಿಳಿಯಲಿಲ್ಲ. ಉತ್ತರ ಕೊಟ್ಟವಳು ಅಜ್ಜಿ: “ಕುಂದರಪಾ. ನಿನ್ನ ಮಗಳು ಮಾಡ್ಯಾಳ.”

ಅವರು ಕೂತರು. ಗಡಿಗೆಯೊಳಗೆ ಬಗ್ಗಿ ನೋಡಿದರು. “ಬಣ್ಣ ಇಲ್ಲಲ್ಲ” ಎಂದರು. ಮೆಣಸಿನಕಾಯಿ ಪೇಟೆಯ ಮನುಷ್ಯನ ಕಣ್ಣು ಮೊದಲು ಹೋಗುವುದೇ ಬಣ್ಣಕ್ಕೆ. ಬ್ಯಾಡಗಿ ಮೆಣಸಿನಕಾಯಿಯ ಕೀರ್ತಿ ಖಾರಕ್ಕಿಂತ ಹೆಚ್ಚಾಗಿ ಬಣ್ಣದಿಂದ ಬಂದದ್ದು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಕಡ್ಡಿ ಎಂಬುದು ಉದ್ದ, ಸುಕ್ಕು ಸುಕ್ಕು; ಡಬ್ಬಿ ಎಂಬುದು ಗಿಡ್ಡ, ದುಂಡಗೆ. ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಕೆಂಪು ಸತ್ವ ಆಹಾರಕ್ಕೂ ತುಟಿಯ ಬಣ್ಣಕ್ಕೂ ಹೋಗುತ್ತದೆ.

ಅಪ್ಪ ಎದ್ದು ಹೋಗಿ ಚೀಲದಿಂದ ಕಾಗದದ ಪೊಟ್ಟಣ ತಂದರು. “ಡಬ್ಬಿ ಕಾಯಿ. ಕುಟ್ಟಿ ತುಪ್ಪದಾಗ ಹಾಕು. ನೀರಾಗ ಹಾಕಿದ್ರ ಬಣ್ಣ ಬಿಡೂದಿಲ್ಲ” ಎಂದರು. ಎಂದ ಮೇಲೆ, ಯಾರಿಗೆ ಎಂದೆನೆಂಬುದು ಅವರಿಗೂ ಹೊಳೆಯಿತು. ಪೊಟ್ಟಣ ಮಗಳ ಕೈಗೇ ಚಾಚಿತ್ತು. ಹತ್ತು ದಿನದ ಟಪಾಲು ಅಂದು ನೇರವಾಗಿ ಮುಟ್ಟಿತು.

“ಯಾಕಂದ್ರ ಆ ಬಣ್ಣ ಕೊಬ್ಬಿನಾಗ ಕರಗೂವಂಥಾದ್ದು. ನೀರಿನಾಗ ಕರಗೂದಿಲ್ಲ. ಸಮಾನ ಗುಣದ್ದು ಸಮಾನ ಗುಣದ್ರಾಗ ಕರಗತೈತಿ” ಎಂದಳು ಮಗಳು, ಕುಟ್ಟುತ್ತ.

“ನಮ್ಮ ಪ್ಯಾಟ್ಯಾಗ ಇದು ಕೂಲಿ ಮಂದಿಗೂ ಗೊತ್ತೈತಿ” ಎಂದರು ಅಪ್ಪ. ಸ್ವಲ್ಪ ತಡೆದು, “ಪರೀಕ್ಷಾಕ ಬರ್ತೈತೇನು ಇದು?” ಎಂದು ಕೇಳಿದರು.

“ಕರಗೂದು ಬರ್ತೈತಿ. ಸಿಟ್ರೇಟು ಕ್ಯಾಲ್ಸಿಯಂ ಹಿಡಿಯೂದೂ ಬರಬಹುದು, ಅಂಥಾ ಹಿಡಿತದ್ದ ಒಂದು ಪಾಠ ಐತಿ. ಆದ್ರ ಎಣ್ಣಿ ನೀರು ಕೂಡೂ ಪಾಠ ಈಗ ಇಲ್ಲ. ತಗದಾರ.”

ಅದು ನಿಜವೇ. ಪಠ್ಯದ ಹೊರೆ ಇಳಿಸುವಾಗ ಹೋದ ಅಧ್ಯಾಯಗಳಲ್ಲಿ ‘ಮೇಲ್ಮೈ ರಸಾಯನ’ವೂ ಒಂದು. ಚಿಗವ್ವನ ಮಗನ ಪುಸ್ತಕದಲ್ಲಿದ್ದದ್ದು ಅವಳ ಪುಸ್ತಕದಲ್ಲಿಲ್ಲ. ಅಂದರೆ ಅಂದು ಸಂಜೆ ಅವಳಿಗೆ ಚೆನ್ನಾಗಿ ಅರ್ಥವಾದ ಪಾಠಕ್ಕೆ ಪರೀಕ್ಷೆಯಲ್ಲಿ ಒಂದು ಅಂಕವೂ ಇಲ್ಲ. ಅಪ್ಪ ಒಂದು ಕ್ಷಣ ಮಗಳ ಮುಖ ನೋಡಿ ನಕ್ಕರು. “ಬೇಕಾದ್ದ ತಗದಾರ ನೋಡು” ಎಂದರು.

ಮೇಲೆ ಹಾಕಿದ ತುಪ್ಪದ ಕೆಂಪು ಗಡಿಗೆಯ ತುಂಬ ಬಳ್ಳಿಯಂತೆ ಹರಡಿತು. ಬ್ರೆಡ್ಡು ಮೂರನೇ ಅದ್ದಿಗೇ ಮೆತ್ತಗಾಗಿ ಕಡ್ಡಿಯಿಂದ ಜಾರತೊಡಗಿತು. ಖಡಕ್ ರೊಟ್ಟಿಯೇ ಗೆದ್ದಿತು; ಅದಕ್ಕೆ ಕಡ್ಡಿಯೂ ಬೇಡ. ತುಂಡು ಬೀಳಿಸಿದವರಿಗೆ ಏನು ಶಿಕ್ಷೆಯೆಂದು ತಮ್ಮ ಪುಸ್ತಕ ತಂದು ಓದಿದ. ಕೋಲು, ಚಾಟಿ, ಕೆರೆ ಮೂರನ್ನೂ ಅಜ್ಜಿ ತಳ್ಳಿಹಾಕಿ, ಬೀಳಿಸಿದವರು ಒಂದು ಒಗಟು ಹೇಳಬೇಕೆಂದು ತೀರ್ಪು ಕೊಟ್ಟಳು. ಮೊದಲು ಬೀಳಿಸಿದವರು ಅಪ್ಪ. ಒಗಟು ಬರಲಿಲ್ಲ. ಮೆಣಸಿನಕಾಯಿಯ ಚೀಲ ಮುಟ್ಟದೆ, ಬರೀ ಸಪ್ಪಳ ಕೇಳಿ ಕಾಯಿ ಒಣಗಿದೆಯೋ ಹಸಿ ಇದೆಯೋ ಹೇಳುವುದು ಹೇಗೆ ಎಂದು ಕೇಳಿದರು. ಅದನ್ನೇ ಒಗಟೆಂದು ಒಪ್ಪಿಕೊಳ್ಳಲಾಯಿತು. ಉತ್ತರ ಅವರೇ ಹೇಳಬೇಕಾಯಿತು: ಒಣಗಿದ ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಹಸಿ ಕಾಯಿ ಸುಮ್ಮನಿರುತ್ತದೆ.

ಕೊನೆಗೆ ಗಡಿಗೆಯ ತಳದಲ್ಲಿ ಚೀಸು ಹತ್ತಿ ಹಪ್ಪಳದಂತಾಗಿ ಉಳಿಯಿತು. ಸ್ವಿಟ್ಜರ್ಲೆಂಡಿನಲ್ಲಿ ಅದೇ ಎಲ್ಲಕ್ಕಿಂತ ರುಚಿಯೆಂದು ಕೂತವರೆಲ್ಲ ಹಂಚಿಕೊಳ್ಳುತ್ತಾರಂತೆ. ನಮ್ಮ ಮನೆಗಳಲ್ಲಿ ಹಾಲು ಕಾಸಿದ ಪಾತ್ರೆಯ ತಳ ಕೆರೆದದ್ದಕ್ಕೆ ಮಕ್ಕಳು ಜಗಳಾಡುವುದಿಲ್ಲವೇ, ಹಾಗೆ. ಅಪ್ಪ ಚಮಚೆಯಿಂದ ಕೆರೆದು ಐದು ಪಾಲು ಮಾಡಿ ಹಂಚಿದರು. ಮನೆಯಲ್ಲಿ ಇದ್ದವರು ಆರು ಜನ. ತಮಗೆ ಇಟ್ಟುಕೊಂಡಿರಲಿಲ್ಲ.

ಮರುದಿನ ನಸುಕಿಗೆ ಹುಡುಗಿಗೆ ಎಚ್ಚರವಾದದ್ದು ಅಪ್ಪನ ದನಿಗೆ. “ಏಳು. ಐದಾತು. ಓದಾಕ ಕುಂದರು” ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು; ಹೆಂಡತಿಗಲ್ಲ, ಅವಳಿಗೇ. ಬೈದಂತೆಯೇ ಇತ್ತು. ಅವಳಿಗೆ ಸಮಾಧಾನವಾಯಿತು. ಪರೀಕ್ಷೆ ಇನ್ನು ಕೆಲವೇ ದಿನ ಇತ್ತು, ಸಮೀಕರಣಗಳು ಇದ್ದ ಹಾಗೇ ಕಠಿಣವಾಗಿದ್ದವು, ಮೊಬೈಲು ತಿಜೋರಿಯಲ್ಲೇ ಇತ್ತು. ಲಾಟಿನ್ನಿನಂಥ ಮಂದ ದೀಪದಲ್ಲಿ ಅವಳು ಪುಸ್ತಕ ಬಿಡಿಸಿ ಕೂತಳು.

ಹಿತ್ತಲಲ್ಲಿ ಅಜ್ಜಿ ಗಡಿಗೆಗೆ ಬೂದಿ ಹಾಕಿ ತಿಕ್ಕುತ್ತಿದ್ದಳು. ತಿಕ್ಕಿ, ತೊಳೆದು, ಮೂಗಿನ ಹತ್ತಿರ ಹಿಡಿದು ನೋಡಿದಳು. ಮಣ್ಣು ವಾಸನೆ ಹೀರಿಕೊಂಡರೆ ಬಿಡುವುದಿಲ್ಲ. “ಇನ್ನ ಇದು ಮೊಸರಿಗೆ ಬರೂದಿಲ್ಲ” ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಗಡಿಗೆಯನ್ನು ಬಿಸಾಡದೆ, ಬಿಸಿಲಿಗೆ ಬೋರಲು ಹಾಕಿದಳು.